ಅಂಗುಳಿನ ಸದ್ದು

ಜನವರಿ 9, ಗುರುವಾರ

...‘ಮೊದಲು ಗೆಲುವನ್ನು ಕೊಟ್ಟುಬಿಡು’ ಎಂದಿದ್ದರು ನನಗೆ ಕುದುರೆ ಸವಾರಿ ಕಲಿಸಿದ ಮಾಸ್ತರು. ಅದರ ಬೆನ್ನಿಗೇ ಇನ್ನೊಂದು ಮಾತಿತ್ತು. ಗೊರಸು ಕೆರೆಯುತ್ತ, ಬಗ್ಗಿಕೊಂಡೇ ಹೇಳಿದ್ದು — ಅರ್ಧ ಗೊರಸಿಗೆ, ಅರ್ಧ ನನಗೆ. ನನ್ನ ಪಾಲಿಗೆ ಬಂದ ಅರ್ಧ ಮಾತ್ರ ನೆನಪಿದೆ. ಇಪ್ಪತ್ತೈದು ವರ್ಷ ಅಷ್ಟರಲ್ಲೇ ಕೆಲಸ ನಡೆದಿದೆ. ಇವತ್ತು ಯಾಕೋ ಉಳಿದದ್ದು ಬೇಕೆನಿಸಿತು. ಕೇಳೋಣವೆಂದರೆ ಮಾಸ್ತರು ಈಗಿಲ್ಲ.

ಪೆನ್ಸಿಲ್ ಇವತ್ತೂ ಕುದುರೆ ಹತ್ತಲಿಲ್ಲ. ನಾಲ್ಕನೇ ವಾರ. ಬರುತ್ತಾಳೆ, ಹೆಲ್ಮೆಟ್ ಹಾಕಿಕೊಳ್ಳುತ್ತಾಳೆ, ಪಟ್ಟಿ ಬಿಗಿಯಾಗಿದೆಯೇ ಎಂದು ಮೂರು ಸಲ ನೋಡಿಕೊಳ್ಳುತ್ತಾಳೆ, ಆಮೇಲೆ ಬ್ರಷ್ ಹಿಡಿದು ಕುದುರೆ ದೊಡ್ಡಮ್ಮನ ಮೈ ಉಜ್ಜುತ್ತ ನಿಂತುಬಿಡುತ್ತಾಳೆ. ಹತ್ತು ವರ್ಷ. ಉದ್ದ, ಸಣಕಲು, ನೆತ್ತಿಯ ಮೇಲೆ ಕೆಂಪು ರಬ್ಬರ್ ಬ್ಯಾಂಡ್. ಪೆನ್ಸಿಲ್ ಎಂದು ಹೆಸರು ಇಟ್ಟದ್ದು ಉಳಿದ ಮಕ್ಕಳು. ಅವಳಿಗೆ ಅದರ ಬೇಸರವಿಲ್ಲ. ಹೋದ ವರ್ಷ ಬೇರೆ ಯಾವುದೋ ಕ್ಲಬ್ಬಿನಲ್ಲಿ ಬಿದ್ದಿದ್ದಳು. ಅಲ್ಲಿನ ಕೋಚ್ ‘ಏಳು, ಏನೂ ಆಗಿಲ್ಲ’ ಎಂದು ಎತ್ತಿ ಮತ್ತೆ ಕೂರಿಸಿದನಂತೆ. ಕಾಲರ್ ಬೋನ್ ಮುರಿದಿತ್ತು. ಮುರಿದ ಮೂಳೆಯಲ್ಲೇ ಎರಡು ಸುತ್ತು ಹೋಗಿದ್ದಾಳೆ.

“ನೀವು ಹಾಗೆಲ್ಲ ಸುಳ್ಳು ಹೇಳಲ್ಲ ಅಲ್ವಾ ಮಿಸ್?” — ಬ್ರಷ್ ನಿಲ್ಲಿಸದೆ ಕೇಳಿದಳು.

“ಇಲ್ಲ.”

ಅವಳ ತಾತ ಬೇಲಿಯ ಆಚೆ, ಕಲ್ಲುಬೆಂಚಿನ ಮೇಲೆ. ಮೂವತ್ತು ವರ್ಷ ಬಸ್ ಓಡಿಸಿದವರು. ಮನೆಯಲ್ಲಿ ಉಳಿದವರೆಲ್ಲ ಕೆಲಸಕ್ಕೆ ಹೋಗುವುದರಿಂದ ಇವಳನ್ನು ಕರೆತರುವ ಡ್ಯೂಟಿ ಇವರದು. “ಬಸ್ಸಾಗಿದ್ರೆ ನಾನೇ ಕಲಿಸ್ತಿದ್ದೆ ಮಿಸ್. ಇದಕ್ಕೆ ಹಾರ್ನೂ ಇಲ್ಲ, ಬ್ರೇಕೂ ಇಲ್ಲ. ಜೊತೆಗೆ ಅದಕ್ಕೇ ಸ್ವಂತ ತಲೆ ಬೇರೆ!”

ಅವಸರವಿಲ್ಲ ಎಂದೆ. ಎಲ್ಲರಿಗೂ ಹೇಳುವುದು ಅದನ್ನೇ. ನಿಜವೂ ಹೌದು.

ಜನವರಿ 16, ಗುರುವಾರ

ಹತ್ತಿದಳು. ಹತ್ತು ಎಂದು ನಾನು ಹೇಳಲಿಲ್ಲ. “ಜೀನು ಬಿಸಿಲಿಗೆ ಕಾದಿದೆಯೋ ಏನೋ, ಮುಟ್ಟಿ ನೋಡು” ಎಂದೆ. ಮುಟ್ಟಿದಳು. “ಮಧ್ಯದಲ್ಲಿ?” ಎಟುಕಲಿಲ್ಲ. ಮೆಟ್ಟಿಲಿನ ಹಲಗೆ ತಂದಿಟ್ಟೆ. ಹಲಗೆಯ ಮೇಲೆ ನಿಂತು ನೋಡಿದಳು. “ಕೂತರೆ ಗೊತ್ತಾಗುತ್ತೆ.” ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನನ್ನ ಉಪಾಯ ಅವಳಿಗೆ ಅರ್ಥವಾಗಿತ್ತು. ಅರ್ಥವಾಗಿಯೂ ಕೂತಳು. ಅದು ಧೈರ್ಯ, ಅದರಲ್ಲಿ ನನ್ನ ಕೈವಾಡವಿಲ್ಲ.

ದೊಡ್ಡಮ್ಮ ಕಿವಿಯನ್ನಷ್ಟೇ ಹಿಂದಕ್ಕೆ ತಿರುಗಿಸಿ ಭಾರ ಅಳೆಯಿತು. ಇಪ್ಪತ್ಮೂರು ವರ್ಷದ ಹೆಣ್ಣು ಕುದುರೆ. ಕಂದು ಬಣ್ಣ, ಹುಬ್ಬಿನ ಹತ್ತಿರ ಬಿಳಿ ಕೂದಲು. ಈ ಸ್ಕೂಲಿನಲ್ಲಿ ನನಗಿಂತ ಎರಡೇ ವರ್ಷ ಕಿರಿಯದು. ಎಷ್ಟು ಮಕ್ಕಳನ್ನು ಹೊತ್ತಿದೆಯೋ... ಎಲ್ಲ ಮಕ್ಕಳೂ ಅದನ್ನು ದೊಡ್ಡಮ್ಮ ಎಂದೇ ಕರೆಯುವುದು. ಬೈದರೂ ಕೇಳಿಸಿಕೊಂಡು ಸುಮ್ಮನಿರುವ ದೊಡ್ಡಮ್ಮಂದಿರು ಹಿಂದೆ ಇರುತ್ತಿದ್ದರಲ್ಲ, ಹಾಗೆ.

ಎರಡು ಸುತ್ತು ನಡಿಗೆ. ಹಗ್ಗ ನನ್ನ ಕೈಯಲ್ಲಿ. ಇಳಿದ ಮೇಲೆ ತಾತನಿಗೆ ಹೇಳಿದಳಂತೆ: “ಜೀನು ಕಾದಿರಲಿಲ್ಲ.”

ಜನವರಿ 25, ಶನಿವಾರ

ಇವತ್ತು ಟ್ರಾಟ್, ಕುಲುಕುತ್ತ ಸಾಗುವ ಸಣ್ಣ ಓಟ. ಹಗ್ಗ ಇಲ್ಲದೆ. ನಾನು ಅಂಗಣದ ನಡುವೆ, ಅವಳು ಬೇಲಿಯ ಪಕ್ಕದಲ್ಲಿ. ಹಿಮ್ಮಡಿಯಿಂದ ಒತ್ತು ಎಂದೆ. ಒತ್ತಿದಳು. ನೊಣ ಕೂತಂತೆ ಒತ್ತುವುದು — ಕುದುರೆಗೆ ನೋವಾದೀತೆಂದು. ದೊಡ್ಡಮ್ಮ ನನ್ನ ಕಡೆ ಕಿವಿ ಇಟ್ಟಿತು. ನಾಲಗೆ ಅಂಗುಳಿಗೆ ಒತ್ತಿ ಬಿಟ್ಟೆ. ಟಕ್. ಹೊರಟಿತು.

“ನಾನೇ ಓಡಿಸಿದ್ನಾ ಮಿಸ್?”

“ಮತ್ತೆ ಯಾರು? ಮೇಲೆ ಕೂತಿರೋದು ನಾನಾ?”

ಮಾಸ್ತರು ಕಲಿಸಿದ ಸದ್ದು. ಇದು ಸುಳ್ಳಲ್ಲ, ಊರುಗೋಲು ಎನ್ನುತ್ತಿದ್ದರು. ತುಟಿ ಅಲ್ಲಾಡುವುದಿಲ್ಲ. ಮಕ್ಕಳಿಗೆ ಕೇಳಿಸಿದರೂ ಕಿವಿಗೆ ಬೀಳುವುದಿಲ್ಲ. ಅವರ ಜೀವವೆಲ್ಲ ಆಗ ಕಾಲಲ್ಲಿರುತ್ತದೆ. ಒಂದು ಟಕ್‌ಗೆ ಟ್ರಾಟ್, ಎರಡಕ್ಕೆ ಇನ್ನೂ ಜೋರಿನ ಕ್ಯಾಂಟರ್, ಉದ್ದ ಉಸಿರಿಗೆ ನಿಲ್ಲುವುದು. ಮಗು ಕಾಲು ಒತ್ತಿದ ಗಳಿಗೆಯಲ್ಲೇ ನಾನು ಸದ್ದು ಮಾಡುತ್ತೇನೆ. ಕುದುರೆ ಚಲಿಸುತ್ತದೆ. ಮಗುವಿನ ಮುಖದಲ್ಲಿ ಒಂದು ದೀಪ. ಆ ಮುಖಕ್ಕಾಗಿ ಈ ಕೆಲಸದಲ್ಲಿದ್ದೇನೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ.

ಮನೆಯಲ್ಲಿ ಅಣ್ಣ ಗಡಿಯಾರ ಬಿಚ್ಚಿಕೊಂಡು ಕೂತಿದ್ದ. ಕಣ್ಣಿಗೆ ಲೆನ್ಸ್. “ಲಿಫ್ಟ್ ಬರದೆ ಇದ್ರೆ ಅದಕ್ಕೂ ಟಕ್ ಅಂತೀಯಲ್ಲೇ. ಮೂರನೇ ಮನೆಯವರು ಕೇಳಿದ್ರು, ನಿಮ್ಮ ತಂಗಿಗೆ ಹಲ್ಲುನೋವಾ ಅಂತ.”

ಹಲ್ಲುನೋವೂ ಇದೆ. ಬಲಗಡೆ, ಕೆಳಗೆ.

ಫೆಬ್ರವರಿ 6, ಗುರುವಾರ

ಓನರ್ ಕರೆದಿದ್ದ. ಹಳೆಯ ಓನರನ ಮಗ. ಕೆಟ್ಟವನಲ್ಲ, ಗೋಡೆಯ ಮೇಲಿನ ಚಾರ್ಟ್ ನೋಡಿಕೊಂಡೇ ಮಾತಾಡುತ್ತಾನೆ. ಮಕ್ಕಳ ಸವಾರಿ ಪರೀಕ್ಷೆ ಮಾರ್ಚ್ ಹದಿನಾರಕ್ಕೆ. ಈ ಸಲ ಹೊಸ ನಿಯಮ. ಇಷ್ಟು ವರ್ಷ ಅಂಗಣದ ನಡುವೆ ನಿಂತು ನಾವೇ ಕೂಗಿ ಹೇಳುತ್ತಿದ್ದೆವು — ಟ್ರಾಟ್, ತಿರುಗು, ಕ್ಯಾಂಟರ್, ನಿಲ್ಲಿಸು. ಇನ್ನು ಹೊರಗಿನಿಂದ ಪರೀಕ್ಷಕರು. ಕೋಚ್ ಬೇಲಿಯ ಆಚೆ ನಿಲ್ಲಬೇಕು. ಮಾತಿಲ್ಲ, ಸನ್ನೆಯಿಲ್ಲ. ಸಹಾಯ ಮಾಡಿದರೆ ಮಗು ಫೇಲ್.

“ದೊಡ್ಡಮ್ಮನ ವಿಷಯಾನೂ ಅವತ್ತೇ ನೋಡ್ಬಿಡೋಣ ಮೇಡಂ. ಪರೀಕ್ಷೆಗೆ ನಡೀತು ಅಂದ್ರೆ ಇನ್ನೊಂದು ವರ್ಷ ಇಟ್ಕೊಳ್ಳೋಣ. ಇಲ್ಲಾಂದ್ರೆ ಒಂದು ಕಡೆ ಮಾತಾಡಿದ್ದೀನಿ.”

“ಯಾವ ಕಡೆ?”

“ಒಂದು ಕಡೆ.”

ಹೊರಗೆ ಬಂದೆ. ಪೆನ್ಸಿಲ್ ಕಾಯುತ್ತಿದ್ದಳು. ಪರೀಕ್ಷೆಯ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. “ನಾನು ದೊಡ್ಡಮ್ಮನ ಮೇಲೇ ಕೊಡ್ತೀನಿ ಮಿಸ್. ಬೇರೆ ಯಾವುದೂ ನನ್ನ ಮಾತು ಕೇಳಲ್ಲ.”

ನನ್ನ ಮಾತು, ಅಂದಳು.

ಫೆಬ್ರವರಿ 13, ಗುರುವಾರ

ಕ್ಯಾಂಟರ್. ತೂಗಿ ತೂಗಿ ಓಡುವ ಓಟ. ಹೋದ ವರ್ಷ ಅವಳು ಬಿದ್ದದ್ದು ಆ ಓಟದಲ್ಲೇ, ಆದ್ದರಿಂದ ಆ ಪದವನ್ನೇ ಬಳಸಲಿಲ್ಲ. “ಡ್ರಮ್ ಹತ್ತಿರ ಬಂದಾಗ ಹೊರಗಡೆ ಕಾಲು ಒಂದು ಗೇಣು ಹಿಂದೆ ಇಟ್ಟು ಒತ್ತು. ಏನಾದರೂ ಆದರೆ ಆಗಲಿ, ಇಲ್ಲದಿದ್ದರೆ ಬೇಡ.” ಮೂಲೆಯಲ್ಲಿ ಬಿಳಿ ಬಣ್ಣ ಬಳಿದ ಡ್ರಮ್ ಇದೆ. ಅಲ್ಲಿಗೆ ಬಂದಳು. ಕಾಲು ಹಿಂದೆ ಹೋಯಿತು. ಟಕ್ ಟಕ್.

ಅರ್ಧ ಸುತ್ತು. ಬೀಳಲಿಲ್ಲ. ಕೂಗಿದ್ದು ತಾತ. “ಟಾಪ್ ಗೇರ್! ಟಾಪ್ ಗೇರಿಗೆ ಹಾಕ್ಬಿಟ್ಲು ನೋಡಿ ಮಿಸ್!”

ಇಳಿದವಳು ಕುದುರೆಯ ಕತ್ತಿಗೆ ಮುಖ ಇಟ್ಟು ನಿಂತಳು. ಬೆನ್ನು ಅಲುಗುತ್ತಿತ್ತು. ನಗುವೋ ಅಳುವೋ, ಹತ್ತಿರ ಹೋಗಿ ನೋಡಲಿಲ್ಲ. ನನಗೆ ಅಂಥದ್ದು ಬರುವುದಿಲ್ಲ. ಜೀನಿನ ಪಟ್ಟಿ ಸಡಿಲಿಸಿದೆ.

ಫೆಬ್ರವರಿ 20, ಗುರುವಾರ, ಸಂಜೆ 7

ಹಲ್ಲು ಕೀಳಿಸಿಕೊಂಡೆ. ಮಧ್ಯಾಹ್ನ ಎರಡಕ್ಕೆ. ಡಾಕ್ಟರು ಬಾಯಿಗೆ ದೀಪ ಬಿಟ್ಟು, ಬಗ್ಗಿ, ನನ್ನ ಮುಖ ತಲೆಕೆಳಗಾಗಿ ನೋಡಿ — “ಅಯ್ಯೋ ಮಿಸ್! ನೀವಾ!” ಹದಿನಾರು ವರ್ಷದ ಹಿಂದೆ ನನ್ನ ಹತ್ತಿರ ಕಲಿತವಳಂತೆ. ನನಗೆ ನೆನಪಿಲ್ಲ. ಬಾಯಿ ತೆರೆದಿತ್ತು, ನೆನಪಿಲ್ಲ ಎನ್ನುವ ಹಾಗೂ ಇಲ್ಲ. “ಎಷ್ಟು ಪುಕ್ಕಲಿ ಇದ್ದೆ ನಾನು! ದೊಡ್ಡಮ್ಮನ್ನ ಮೊದಲ ಸಲ ಕ್ಯಾಂಟರ್ ಮಾಡಿಸಿದೆನಲ್ಲ, ಅವತ್ತೇ ಅಂದ್ಕೊಂಡೆ, ಇದು ಆದ್ರೆ ಏನು ಬೇಕಾದ್ರೂ ಆಗುತ್ತೆ ಅಂತ. ಈಗ್ಲೂ ಕಷ್ಟದ ಹಲ್ಲು ಬಂದ್ರೆ ಅದನ್ನೇ ನೆನೆಸ್ಕೋತೀನಿ. ಅಲ್ಲಾಡ್ಬೇಡಿ.” ಕೈ ನಡುಗಲಿಲ್ಲ. ಒಂದೇ ಎಳೆತ.

ರಕ್ತ ಬೇಗ ನಿಲ್ಲಲಿಲ್ಲ. ಹತ್ತಿಯ ಉಂಡೆ ಬದಲಿಸಿ, ರಾತ್ರಿಯವರೆಗೂ ಗಟ್ಟಿಯಾಗಿ ಕಚ್ಚಿಕೊಂಡಿರಿ, ಬಾಯಿ ಬಿಡಬೇಡಿ ಎಂದಳು. ಅರ್ಧ ಮುಖ ಮರಗಟ್ಟಿದೆ. ನಾಲಗೆ ಯಾರದೋ.

ಹಾಗೇ ನಾಲ್ಕಕ್ಕೆ ಕ್ಲಾಸು. ಸ್ಲೇಟಿನಲ್ಲಿ ಬರೆದು ತೋರಿಸಿದೆ. ಮಕ್ಕಳಿಗೆ ಮಜಾ. ಪೆನ್ಸಿಲ್ ಡ್ರಮ್ ದಾಟಿ ಅಂಗಣದ ಉದ್ದ ಬದಿಯಲ್ಲಿ ಕ್ಯಾಂಟರ್, ಹತ್ತು ಹೆಜ್ಜೆ ಇರಬಹುದು. ಚೆನ್ನಾಗಿತ್ತು. ಹೆಬ್ಬೆರಳು ಎತ್ತಿ ತೋರಿಸಿದೆ. “ಮಿಸ್ ಬಾಯಿ ಮುಚ್ಕೊಂಡಿದ್ರೆ ಎಷ್ಟು ಶಾಂತಿ ಅಲ್ವಾ” ಎಂದು ತಾತ. ದವಡೆ ಸಿಡಿಯುತ್ತಿದೆ. ಮಾತ್ರೆ ತೆಗೆದುಕೊಂಡು ಮಲಗುವುದು.

ಮಾರ್ಚ್ 1, ಶನಿವಾರ

ಬೇಲಿಯ ಆಚೆ ನಿಂತು ನೋಡಿದೆ. ಪರೀಕ್ಷೆಯ ದಿನದ ಹಾಗೆ. ಸದ್ದಿಲ್ಲದೆ.

ಪೆನ್ಸಿಲ್ ಒತ್ತಿದಳು. ದೊಡ್ಡಮ್ಮ ನಿಂತಿತು. ಕತ್ತು ತಿರುಗಿಸಿ ನನ್ನನ್ನು ಹುಡುಕಿತು, ಕಂಡುಕೊಂಡಿತು, ಎರಡೂ ಕಿವಿ ನನ್ನ ಕಡೆ ನೆಟ್ಟಿತು. ಕಾಯಿತು. ಸೌಜನ್ಯದಿಂದ ಕಾಯಿತು — ಬೇರೆ ಪದ ಸಿಗುತ್ತಿಲ್ಲ.

ಈಗ ಹೇಳಬೇಕಿತ್ತು. ‘ಇಷ್ಟು ದಿನ ಹೀಗೆ ಮಾಡುತ್ತಿದ್ದೆ, ಇನ್ನು ನೀನೇ ಕಲಿಯಬೇಕು, ಹದಿನೈದು ದಿನ ಇದೆ.’ ವಾಕ್ಯ ಸಿದ್ಧವಿತ್ತು. ಅಷ್ಟರಲ್ಲಿ ಅವಳ ಮುಖದಲ್ಲಿ ಆ ಹಳೆಯದು ಬರತೊಡಗಿತು — ತುಟಿ ಒಳಗೆ ಎಳೆದುಕೊಳ್ಳುವುದು, ಭುಜ ಮೇಲೇರುವುದು. ಎಡಭುಜ ಹೆಚ್ಚು. ಮುರಿದದ್ದು ಅದು.

ಟಕ್.

ಹೊರಟಿತು. ಭುಜ ಇಳಿಯಿತು. “ಸ್ವಲ್ಪ ಲೇಟಾಯ್ತು ಅಷ್ಟೆ ಮಿಸ್” ಎಂದು ನನಗೇ ಸಮಾಧಾನ ಹೇಳಿದಳು.

ಗುರುವಾರದಿಂದ ಶುರು ಮಾಡಬೇಕು.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 6

ಗುರುವಾರ ಆಗಲಿಲ್ಲ. ಶನಿವಾರವೂ. ಅವಳು ಚೆನ್ನಾಗಿ ಕೂರುತ್ತಿದ್ದಾಳೆ, ಬೆನ್ನು ನೆಟ್ಟಗೆ, ಕೈ ಮೆತ್ತಗೆ. ಅದನ್ನು ಈಗ ಒಡೆಯುವುದೆಂದರೆ... ಹೀಗೇ ಬರೆಯುತ್ತ ಹೋಗಬಹುದು. ಒಡೆಯುವ ಧೈರ್ಯ ನನಗಿಲ್ಲ. ಅದನ್ನೇ ತಾಳ್ಮೆ ಎಂದು ಕರೆದುಕೊಂಡು ಬಂದಿದ್ದೇನೆ.

ಇವತ್ತು ಯಾರೂ ಬರುವ ಮೊದಲು ದೊಡ್ಡಮ್ಮನ ಮೇಲೆ ನಾನೇ ಹತ್ತಿದೆ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು. ಲಾಯದಾತ ಹುಲ್ಲಿನ ಕಟ್ಟು ಇಳಿಸುತ್ತಿದ್ದವನು ನೋಡಿದ. “ಏನಕ್ಕಾ, ಬ್ಯಾಂಕ್ ದರೋಡೆಗೇನಾದ್ರೂ ಹೊರಟ್ರಾ? ಮುಖ ಕಟ್ಕೊಂಡು, ಕುದುರೆ ಹತ್ಕೊಂಡು...” ನಗಲಿಲ್ಲ ನಾನು. ಡ್ರಮ್ಮಿನ ಹತ್ತಿರ ಕಾಲು ಹಿಂದೆ ಇಟ್ಟು ಒತ್ತಿದೆ. ಇಪ್ಪತ್ತೈದು ವರ್ಷ ಪಳಗಿದ ಕಾಲು.

ದೊಡ್ಡಮ್ಮ ನಿಂತು, ಅಂಗಣದ ನಡುವಿನ ಕಡೆ ನೋಡಿತು. ನಾನು ದಿನಾ ನಿಲ್ಲುವ ಜಾಗ. ಅಲ್ಲಿ ನಾನಿರಲಿಲ್ಲ. ಬೆನ್ನ ಮೇಲೆ ನಾನು ಕೂತಿದ್ದೆ, ಅದು ನನ್ನನ್ನು ಅಲ್ಲಿ ಹುಡುಕುತ್ತಿತ್ತು.

ಕಾಲಿನ ಭಾಷೆಯನ್ನು ಅದು ಮರೆತಿದೆ. ಮರೆಸಿದವರು ಯಾರು ಎಂದು ಬರೆಯಬೇಕಾಗಿಲ್ಲ.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ಆಯಿತು.

ಮಾರ್ಚ್ 18, ಮಂಗಳವಾರ

ಬರೆದು ಮುಗಿಸುವುದು ಒಳ್ಳೆಯದು.

ಪರೀಕ್ಷಕರು ವಯಸ್ಸಾದವರು, ಟೋಪಿ, ಕೈಯಲ್ಲಿ ಪ್ಯಾಡು. ಮೃದು ದನಿ. ನಡಿಗೆ ಸರಿಹೋಯಿತು. ಮುಂದಿದ್ದ ಹುಡುಗನ ಕುದುರೆ ಟ್ರಾಟ್ ಶುರು ಮಾಡಿದ್ದರಿಂದ ದೊಡ್ಡಮ್ಮನೂ ಅದರ ಹಿಂದೆ ಟ್ರಾಟ್ ಮಾಡಿತು. ನಾನು ಬೇಲಿಯ ಆಚೆ, ತಾತನ ಪಕ್ಕದಲ್ಲಿ. ಇದು ದಾಟಿಬಿಡಬಹುದು ಎಂದು ಒಂದು ನಿಮಿಷ ಅನ್ನಿಸಿತು. ಆಮೇಲೆ ಒಬ್ಬೊಬ್ಬರಾಗಿ ಕ್ಯಾಂಟರ್.

ಡ್ರಮ್. ಪೆನ್ಸಿಲ್ ಕಾಲು ಹಿಂದೆ ಇಟ್ಟಳು. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ. ದೊಡ್ಡಮ್ಮ ನಿಂತಿತು. ಅಂಗಣದ ನಡುವೆ ನೋಡಿತು. ಅಲ್ಲಿ ಟೋಪಿ ಇತ್ತು. ಬೇಲಿಯುದ್ದಕ್ಕೂ ಹುಡುಕಿ ನನ್ನನ್ನು ಕಂಡಿತು. ಕಿವಿ ನೆಟ್ಟಿತು.

“ನಿಧಾನವಾಗಿ ಮಾಡು ಮರಿ, ಟೈಮಿದೆ,” ಪರೀಕ್ಷಕರು.

ಮತ್ತೆ ಒತ್ತಿದಳು. ಮತ್ತೆ. ತುಟಿ ಒಳಗೆ ಹೋಯಿತು. ಎಡಭುಜ ಮೇಲೆ. “ಯಾಕೆ ಮಿಸ್, ಗಾಡಿ ಆಫ್ ಆಗೋಯ್ತಾ?” — ತಾತ ಪಿಸುಗುಟ್ಟಿದರು, ತಮಾಷೆಗೆ, ಆದರೆ ಬೇಲಿಯ ಕಂಬಿ ಹಿಡಿದ ಕೈ ಬಿಳಿಚಿತ್ತು. ನನ್ನ ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಅದನ್ನು ಅಲ್ಲೇ ಹಿಡಿದಿಟ್ಟುಕೊಳ್ಳಬಹುದಿತ್ತು. ಹಿಡಿದಿದ್ದರೆ ಫೇಲ್ ಆಗುತ್ತಿದ್ದಳು, ಅಳುತ್ತಿದ್ದಳು, ಮೂರು ತಿಂಗಳ ಮೇಲೆ ಮತ್ತೆ ಕೊಡುತ್ತಿದ್ದಳು. ಕುದುರೆಗೆ ವಯಸ್ಸಾಯಿತು ಎಂದರೆ ಸಾಕಿತ್ತು. ಎಲ್ಲರೂ ನಂಬುತ್ತಿದ್ದರು.

ಹಿಡಿಯಲಾಗಲಿಲ್ಲ. ಆ ಭುಜ.

ಟಕ್ ಟಕ್.

ಯಾವತ್ತೂ ಮಕ್ಕಳ ಗದ್ದಲ ಇರುತ್ತದೆ. ಅವತ್ತು ಇರಲಿಲ್ಲ. ಆ ಮೌನದಲ್ಲಿ ಅದು ಬೀಗ ತೆಗೆದ ಹಾಗೆ ಕೇಳಿಸಿತು. ದೊಡ್ಡಮ್ಮ ತಕ್ಷಣ ಹೊರಟಿತು, ಸಂತೋಷದಿಂದ, ಯುವತಿಯ ಹಾಗೆ. ಅಷ್ಟು ಚೆಂದದ ಕ್ಯಾಂಟರ್ ಅದು ವರ್ಷಗಳಿಂದ ಮಾಡಿರಲಿಲ್ಲ. ಪೂರ್ತಿ ಒಂದು ಸುತ್ತು. ಪೆನ್ಸಿಲ್ ಅಲುಗದೆ ಕೂತಿದ್ದಳು. ಬೇಲಿಯ ಹತ್ತಿರ ಹಾದುಹೋಗುವಾಗ ಕುದುರೆಯ ಕಿವಿ ನೋಡಿದಳು. ಅದು ಯಾರ ಕಡೆ ತಿರುಗಿದೆಯೆಂದು ನೋಡಿದಳು. ಆಮೇಲೆ ನನ್ನನ್ನು.

ಪರೀಕ್ಷಕರು ಪ್ಯಾಡ್ ಮುಚ್ಚಿದರು. ನಿಯಮ ತಮ್ಮದಲ್ಲ ಎಂದು ಎರಡು ಸಲ ಹೇಳಿದರು. ಕೆಳಗೆ ಒಂದು ಸಾಲು ಬರೆದಿದ್ದನ್ನು ಆಮೇಲೆ ಓನರ್ ತೋರಿಸಿದ: ‘ಕುದುರೆ ಸವಾರರ ಮಾತು ಕೇಳುವುದಿಲ್ಲ, ತರಬೇತಿಗೆ ಯೋಗ್ಯವಲ್ಲ.’

ಪೆನ್ಸಿಲ್ ಇಳಿದು ಲಗಾಮು ತಂದು ನನ್ನ ಕೈಗೆ ಕೊಟ್ಟಳು. ಅಳುತ್ತಿರಲಿಲ್ಲ.

“ಯಾವಾಗಿಂದ ಮಿಸ್?”

“ಮೊದಲಿಂದ.”

“ಪ್ರತಿ ಸಲನೂ?”

“ಪ್ರತಿ ಸಲ.”

ತಲೆಯಾಡಿಸಿದಳು. ಲೆಕ್ಕ ಸರಿಹೋದವರ ಹಾಗೆ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿಕೊಂಡು ತಾತನ ಹತ್ತಿರ ಹೋದಳು.

ಕೊನೆಗಾದರೂ ನಿಜ ಹೇಳಿದೆ ಎಂಬ ಒಂದು ಸಣ್ಣ ಹೆಮ್ಮೆ ಆ ಹೊತ್ತಿನಲ್ಲೂ ಇತ್ತು. ನಾಚಿಕೆಯಾಗುತ್ತದೆ, ಆದರೆ ಇತ್ತು.

ಮಾರ್ಚ್ 27, ಗುರುವಾರ

ತಾತ ಬಂದಿದ್ದರು, ಒಬ್ಬರೇ. ಸ್ಕೂಲಿನ ಹೆಲ್ಮೆಟ್ ವಾಪಸು ಕೊಡಲು. ಒರೆಸಿ, ಪಟ್ಟಿ ತೊಳೆದು ತಂದಿದ್ದರು. ಅದೇ ಕಲ್ಲುಬೆಂಚಿನ ಮೇಲೆ ಕೂತೆವು.

“ಏನಂತಾಳೆ?”

“ಏನೂ ಅನ್ನಲ್ಲ. ಅದೇ ಮಿಸ್ ಕಷ್ಟ. ಮೊನ್ನೆ ಅವರ ಶಾಲೆ ಟೀಚರು ಲೆಕ್ಕ ನೋಡಿ ವೆರಿ ಗುಡ್ ಅಂದ್ರಂತೆ. ಇವಳು ‘ನಿಜವಾಗ್ಲೂ ಸರಿಯಾಗಿದೆಯಾ, ಇಲ್ಲಾ ನನಗೆ ಖುಷಿಯಾಗ್ಲಿ ಅಂತ ಹೇಳ್ತಿದ್ದೀರಾ’ ಅಂತ ಕೇಳಿದ್ಲಂತೆ. ಟೀಚರು ಫೋನ್ ಮಾಡಿದ್ರು. ಮನೇಲಿ ಅವರಮ್ಮ ಚಿತ್ರ ಚೆನ್ನಾಗಿದೆ ಅಂದ್ರೂ ಅದೇ ಪ್ರಶ್ನೆ.”

ಹೆಲ್ಮೆಟ್ ತಿರುಗಿಸಿ ಮಡಿಲಲ್ಲಿ ಇಟ್ಟುಕೊಂಡೆ.

“ನಾನೂ ಹೊಸ ಡ್ರೈವರ್‌ಗಳಿಗೆ ಕಲಿಸಿದ್ದೀನಿ ಮಿಸ್. ಪಕ್ಕದಲ್ಲಿ ಕೂತ್ಕೊಂಡು ಸ್ಟೇರಿಂಗ್‌ಗೆ ಒಂದು ಕೈ ಹಾಕ್ತಿದ್ದೆ. ಎಲ್ರೂ ಹಾಕ್ತಾರೆ. ಆದ್ರೆ ಕೈ ಹಾಕಿದೀನಿ ಅಂತ ಅವನಿಗೆ ಕಾಣ್ತಿತ್ತು.” ಬೆಂಚಿನ ಧೂಳು ಒರೆಸುತ್ತ, “ಬೈಯಕ್ಕೆ ಬಂದೆ ನಾನು. ಬರ್ತಾ ದಾರೀಲೆಲ್ಲ ಬೈದಾಯ್ತು. ಇನ್ನೇನು ಉಳಿದಿಲ್ಲ.”

ಎದ್ದರು. ಲಾಯದ ಕಡೆ ಹೋಗಿ ದೊಡ್ಡಮ್ಮನ ಮೂಗು ಸವರಿದರು. “ನಿಂದೇನೂ ತಪ್ಪಿಲ್ಲ ಬಿಡಮ್ಮ.”

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಿದರೆ ‘ಒಂದು ಕಡೆ’.

ದೊಡ್ಡಮ್ಮ ಹತ್ತಲಿಲ್ಲ. ಹಲಗೆಯ ಮೇಲೆ ಮುಂಗಾಲು ಇಟ್ಟು ನಿಂತಿತು. ಚಾಲಕ ಹಗ್ಗ ಎಳೆದ. ಲಾಯದಾತ ಹಿಂದಿನಿಂದ ನೂಕಿದ, ಬೆಲ್ಲ ತೋರಿಸಿದ, ಮುದ್ದು ಮಾಡಿದ, ಬೈದ. ಇಪ್ಪತ್ತು ನಿಮಿಷ. ಮಕ್ಕಳು ಬರುವ ಹೊತ್ತಾಗುತ್ತಿತ್ತು. ಚಾಲಕ ಕೋಲು ಹುಡುಕತೊಡಗಿದ.

“ಅಕ್ಕಾ,” ಎಂದ ಲಾಯದಾತ. ನನ್ನನ್ನು ನೋಡಲಿಲ್ಲ, ನೆಲ ನೋಡಿಕೊಂಡು. “ನೀವೊಂದು ಸಲ...”

ದೊಡ್ಡಮ್ಮ ಆಗಲೇ ತಲೆ ತಿರುಗಿಸಿ ನನ್ನ ಕಡೆ ಕಿವಿ ಇಟ್ಟಿತ್ತು.

ಮಾಡಿದೆ. ಒಂದು ಸಲ. ಟಪಟಪನೆ ಹತ್ತಿ ಒಳಗೆ ನಿಂತಿತು. ಹಿಂದಕ್ಕೆ ನೋಡಿತು, ಸರಿಯಾಗಿ ಮಾಡಿದೆನೇ ಎಂದು ಕೇಳುವ ಹಾಗೆ. “ಶಭಾಷ್” ಎಂದೆ. ಅದು ಪ್ರತಿ ಸಲ ಹೇಳುವ ಮಾತು, ಬಾಯಿಗೆ ತಾನಾಗಿ ಬಂತು. ಹಲಗೆ ಎತ್ತಿ ಹಾಕಿದರು.

ಒಂಬತ್ತಕ್ಕೆ ಕ್ಲಾಸು ಇತ್ತು. ತೆಗೆದುಕೊಂಡೆ.

ಏಪ್ರಿಲ್ 19, ಶನಿವಾರ

ಸದ್ದು ನಿಲ್ಲಿಸಿ ಎರಡು ವಾರ. ಬೇಲಿಗೆ ಒರಗಿ, ತುಟಿ ಕಚ್ಚಿಕೊಂಡು ನಿಲ್ಲುತ್ತೇನೆ. ಕುದುರೆಗಳು ನಿಂತಲ್ಲೇ ನಿಂತಿರುತ್ತವೆ. ಮಕ್ಕಳು ಮೇಲೆ ಕೂತು ಒದ್ದಾಡುತ್ತವೆ. ಒಂದು ಮಗು ಅತ್ತಿತು, ಎರಡು ಬಿಟ್ಟು ಹೋದವು. ಒಬ್ಬಳ ತಾಯಿ ಓನರಿಗೆ ಹೇಳಿದರಂತೆ: ‘ಮಿಸ್ ಮೊದಲಿನ ಹಾಗಿಲ್ಲ. ಪ್ರೋತ್ಸಾಹಾನೇ ಕೊಡಲ್ಲ.’ ಓನರ್ ಚಾರ್ಟ್ ನೋಡಿಕೊಂಡು ನನಗೆ ಹೇಳಿದ.

ಮಾಸ್ತರ ಉಳಿದರ್ಧ ಮಾತು ನೆನಪಾಯಿತು — ಅಥವಾ ನಾನೇ ಕಟ್ಟಿಕೊಂಡೆನೋ. ‘ಮೊದಲು ಗೆಲುವನ್ನು ಕೊಟ್ಟುಬಿಡು. ಆಮೇಲೆ ಗೊತ್ತಾಗದ ಹಾಗೆ ಒಂದೊಂದು ಹೆಜ್ಜೆ ವಾಪಸು ತಗೋ. ಕೊನೆಗೆ ಅವರದೇ ಉಳಿಯಬೇಕು.’ ಹಾಗೇ ಹೇಳಿದ್ದರೆ ಗೊರಸಿಗೆ ಕೇಳಿಸಿರುತ್ತದೆ.

ಇಪ್ಪತ್ತೈದು ವರ್ಷದ ಮಕ್ಕಳು. ಎಲ್ಲೆಲ್ಲಿದ್ದಾರೋ, ತಾವು ಕುದುರೆ ಓಡಿಸಿದವರು ಎಂದುಕೊಂಡು. ಆದರೂ ಹಲ್ಲಿನ ಡಾಕ್ಟರ ಕೈ ನಡುಗಲಿಲ್ಲ. ಅದರ ಅರ್ಥವೇನು ಎಂದು ಯೋಚಿಸಿದೆ. ಪೆನ್ಸಿಲ್ ಮಾತ್ರ ಆ ಸದ್ದು ಕೇಳಿಸಿಕೊಂಡಳು, ಅಷ್ಟೇ ವ್ಯತ್ಯಾಸ ಎಂಬಲ್ಲಿಗೆ ಬಂದು ನಿಂತೆ. ಸಮಾಧಾನವೆನಿಸಲಿಲ್ಲ.

ಅಣ್ಣ ಲೆನ್ಸ್ ತೆಗೆದು ನೋಡಿದ. “ಮನೇಲಿ ಈಗ ಸದ್ದೇ ಇಲ್ಲ ಕಣೇ. ಆ ಲಿಫ್ಟಿಗಾದ್ರೂ ಒಂದು ಟಕ್ ಅನ್ನು.”

ಏಪ್ರಿಲ್ 30, ಬುಧವಾರ, ಮಧ್ಯಾಹ್ನ 3

ಎಡಗಡೆಯ ಹಲ್ಲು. ಶುಕ್ರವಾರ ಕೀಳಬೇಕಂತೆ. ಹೋದ ಸಲ ನೋವು ಎಷ್ಟು ದಿನ ಇತ್ತು, ಎಷ್ಟು ಕ್ಲಾಸು ತಪ್ಪಿತು ಎಂದು ನೋಡಲು ಹಿಂದಿನ ಪುಟ ತಿರುಗಿಸಿದೆ.

ಫೆಬ್ರವರಿ ಇಪ್ಪತ್ತು. ಮೂರು ಸಲ ಓದಿದೆ.

ಬಾಯಲ್ಲಿ ಹತ್ತಿ. ಅರ್ಧ ಮುಖ ಮರಗಟ್ಟಿದೆ. ನಾಲಗೆ ಯಾರದೋ. ಅದರ ಕೆಳಗೇ, ನನ್ನದೇ ಅಕ್ಷರದಲ್ಲಿ — ಪೆನ್ಸಿಲ್, ಕ್ಯಾಂಟರ್, ಹತ್ತು ಹೆಜ್ಜೆ. ಚೆನ್ನಾಗಿತ್ತು.

ಅವತ್ತು ನಾನು ಸದ್ದು ಮಾಡಿಲ್ಲ. ಮಾಡುವ ಹಾಗೇ ಇರಲಿಲ್ಲ. ಹಲ್ಲಿನ ನೋವಿನಲ್ಲಿ ಅದನ್ನು ಗಮನಿಸಲೂ ಇಲ್ಲ. ಹೆಬ್ಬೆರಳು ಎತ್ತಿದೆ, ಮಾತ್ರೆ ನುಂಗಿದೆ, ಮಲಗಿದೆ.

ಬೇರೆ ಕಾರಣ ಇರಬಹುದು. ನೊಣ. ಗೇಟಿನ ಸದ್ದು. ಇನ್ನೊಂದು ಕುದುರೆಯ ಹಿಂದೆ ಓಡಿರಬಹುದು. ಲಾಯದಾತನನ್ನು ಕೇಳಿದೆ. “ಯಾವ ಗುರುವಾರ ಅಕ್ಕಾ? ಎಲ್ಲ ಗುರುವಾರಾನೂ ಒಂದೇ ಥರ.” ಕೇಳಬಹುದಾದ ಇನ್ನೊಂದು ಜೀವ ಲಾರಿ ಹತ್ತಿ ಹೋಗಿದೆ, ನಾನೇ ಹತ್ತಿಸಿದೆ.

‘ಪ್ರತಿ ಸಲನೂ?’ ಎಂದು ಕೇಳಿದ್ದಳು. ‘ಪ್ರತಿ ಸಲ’ ಎಂದೆ. ಹೆಮ್ಮೆಪಟ್ಟುಕೊಂಡೆ. ಅದೂ ನಿಜವಾಗಿರಲಿಲ್ಲ. ಅವಳದೇ ಆದ ಹತ್ತು ಹೆಜ್ಜೆ ಇತ್ತು. ಅದನ್ನೂ ಸೇರಿಸಿ ಕಿತ್ತುಕೊಂಡೆ.

ಫೋನ್ ಕೈಗೆತ್ತಿಕೊಂಡೆ. ತಾತನ ನಂಬರ್. ಒತ್ತಲಿಲ್ಲ. ಏನೆಂದು ಹೇಳುವುದು? ‘ಒಂದು ದಿನ ಮಾತ್ರ ಅದು ನೀನೇ ಮರಿ’ ಎಂದೇ? ನಾನಾಗಿದ್ದರೆ ನಂಬುತ್ತಿದ್ದೆನೇ? ‘ನನಗೆ ಖುಷಿಯಾಗ್ಲಿ ಅಂತ ಹೇಳ್ತಿದ್ದಾರೆ’ ಎನ್ನುತ್ತಾಳೆ. ಇನ್ನೊಂದು ಟಕ್, ಅಷ್ಟೆ. ನಿಜ ನನ್ನ ಬಾಯಿಂದ ಹೊರಟರೆ ಇನ್ನು ಅದರ ಸದ್ದೇ ಹಾಗೆ.

ಇದನ್ನು ಬೇರೆ ಯಾರೂ ಹೇಳಲಾರರು. ನಾನು ಹೇಳಿದರೆ ಆಗದು.

ನಾಳೆ ಗುರುವಾರ. ನಾಲ್ಕಕ್ಕೆ ಹೊಸ ಮಗು ಬರುತ್ತದೆ, ಏಳು ವರ್ಷದ್ದು, ಹೆದರುತ್ತದಂತೆ. ತಾಳ್ಮೆಯವರು ಎಂದು ಯಾರೋ ನನ್ನ ಹೆಸರು ಹೇಳಿದ್ದಾರೆ. ಅದರ ಮುಂದೆ ನಿಂತು ಏನು ಕಲಿಸುವುದು — ಕಾಲು ಎಲ್ಲಿಡಬೇಕು, ಎಷ್ಟು ಒತ್ತಬೇಕು — ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳಿದ್ದಳು, ಒಂದು ಸಂಜೆ, ಹತ್ತು ಹೆಜ್ಜೆಯಷ್ಟು ಹೊತ್ತು.

ಪೆನ್ಸಿಲ್, ಆ ಗುರುವಾರ ಡ್ರಮ್ ದಾಟಿದ ಮೇಲೆ, ನನ್ನ ಬಾಯಿ ಮುಚ್ಚಿದ್ದಾಗ — ನೀನು ಏನು ಮಾಡಿದೆ?